ಕನ್ನಡ ಕೇಳುವ ಪೈಥಾನ್ ಪ್ರೋಗ್ರಾಂ: ಮಾಡಬೇಕಾದ್ದು, ಮಾಡಬಾರದ್ದು

ಸ್ಪೀಚ್‌ರೆಕಗ್ನಿಷನ್ ಲೈಬ್ರರಿ ಹಾಕಿಕೊಂಡು, ಇಂಗ್ಲಿಷ್ ಟ್ಯುಟೋರಿಯಲ್ ನಕಲು ಮಾಡಿ, ಈಗ ಅದಕ್ಕೆ ಕನ್ನಡ ಕಲಿಸಲು ಹೊರಟವರಿಗೆ ಈ ಸೂಚನೆ.

ಮಾಡಬೇಕಾದ್ದು

ಮೊದಲು ಪಾಜ್ ಥ್ರೆಶೋಲ್ಡ್ ತಿದ್ದಿ. ಲೈಬ್ರರಿಯಲ್ಲಿ ಅದು 0.8 ಸೆಕೆಂಡು ಇರುತ್ತದೆ. ಅಷ್ಟು ಹೊತ್ತು ಸುಮ್ಮನಾದರೆ ಮಾತು ಮುಗಿಯಿತೆಂದೇ ಲೆಕ್ಕ. ಇಂಗ್ಲಿಷಿನಲ್ಲಿ ಆಜ್ಞೆ ಕ್ರಿಯಾಪದದಿಂದಲೇ ಶುರುವಾಗುತ್ತದೆ, ನಮ್ಮಲ್ಲಿ ಅದು ಕೊನೆಗೆ ಬರುತ್ತದೆ. ಅಜ್ಜಿ "ಅಡುಗೆಮನೆ ಲೈಟು..." ಎಂದು ಉಸಿರೆಳೆದುಕೊಂಡರೆ ಸಾಕು, "ಆರಿಸು" ಎನ್ನುವಷ್ಟರಲ್ಲಿ ಪ್ರೋಗ್ರಾಂ ಕಿವಿ ಮುಚ್ಚಿಕೊಂಡಿರುತ್ತದೆ. 1.5ಕ್ಕೆ ಏರಿಸಿ ನೋಡಿ. ಫ್ರೇಸ್ ಟೈಮ್ ಲಿಮಿಟ್ ಕೂಡ ಕೊಡಿ, ಇಲ್ಲದಿದ್ದರೆ ಫ್ಯಾನಿನ ಸದ್ದನ್ನೇ ಮಾತೆಂದುಕೊಂಡು ಕೇಳುತ್ತ ಕೂರುತ್ತದೆ.

ಭಾಷೆ ಕೆಎನ್-ಐಎನ್ ಎಂದು ಬರೆಯಿರಿ. ಬಿಟ್ಟರೆ ಅದು ಅಮೆರಿಕದ ಇಂಗ್ಲಿಷ್ ಎಂದೇ ತಿಳಿಯುತ್ತದೆ.

ಜನ ಹೇಗೆ ಹೇಳುತ್ತಾರೋ ಹಾಗೆ ಪಟ್ಟಿ ಮಾಡಿ: ಲೈಟ್ ಹಾಕು, ಲೈಟ್ ಹಚ್ಚು, ಆನ್ ಮಾಡು. "ಆರಿಸು" ಬಗ್ಗೆ ಎಚ್ಚರ. ದೀಪಕ್ಕಾದರೆ ನಂದಿಸು, ಹಾಡಿಗಾದರೆ ಆಯ್ದುಕೋ! ಯಾವ ವಸ್ತು ಎಂಬುದು ತೀರ್ಮಾನವಾದ ಮೇಲೆಯೇ ಕ್ರಿಯೆಯನ್ನು ನೋಡಿ.

ಹೋಲಿಸುವ ಮುನ್ನ ಕೇಳಿಸಿದ ಪಠ್ಯ, ಪಟ್ಟಿಯ ಪಠ್ಯ ಎರಡನ್ನೂ ಯೂನಿಕೋಡಿನ ಪ್ರಮಾಣಿತ ರೂಪವಾದ ಎನ್‌ಎಫ್‌ಸಿಗೆ ತನ್ನಿ. "ಕೊ" ಯೂನಿಕೋಡಿನಲ್ಲಿ ಎರಡು ಬಗೆಯಲ್ಲಿ ಕೂರಬಲ್ಲದು. ಕಣ್ಣಿಗೆ ಒಂದೇ, ಪೈಥಾನ್‌ಗೆ ಬೇರೆ ಬೇರೆ.

ಮಾಡಬಾರದ್ದು

ಪದದ ತುಂಡು ಸಿಕ್ಕಿತೆಂದು ಆಜ್ಞೆ ನಡೆಸಬೇಡಿ. ಅಳಿಸು, ಅಳಿಸಿ ಎರಡಕ್ಕೂ ಆಗಲಿ ಎಂದು ನಾನು "ಅಳಿಸ" ಎಂಬಷ್ಟನ್ನೇ ಹುಡುಕುವ ಸಾಲು ಬರೆದಿದ್ದೆ. "ಫೋಲ್ಡರ್ ಅಳಿಸಬೇಡ" ಎಂದೆ, ಅಳಿಸಿಯೇಬಿಟ್ಟಿತು. ಬೇಡ, ಬಾರದು ಇವನ್ನು ಮೊದಲು ಪರೀಕ್ಷಿಸಿ. ಅಳಿಸುವ ಕೆಲಸಕ್ಕೆ ಇನ್ನೊಮ್ಮೆ ಕೇಳಿ "ಹೌದು" ಅನ್ನಿಸಿಕೊಳ್ಳಿ.

ಕೇಳಿಸಿದ್ದನ್ನು ನೇರವಾಗಿ ಓಎಸ್ ಡಾಟ್ ಸಿಸ್ಟಮ್‌ಗೋ ಇವ್ಯಾಲ್‌ಗೋ ಕೊಡಲೇಬೇಡಿ. ಟಿವಿಯಲ್ಲಿ ಮಾತಾಡುವವನ ದನಿಯೂ ಮೈಕಿಗೆ ಬೀಳುತ್ತದೆ.

ಬರೀ ಎಕ್ಸೆಪ್ಟ್ ಹಾಕಿ ತಪ್ಪುಗಳನ್ನು ನುಂಗಬೇಡಿ. ಅನ್‌ನೋನ್‌ವ್ಯಾಲ್ಯೂಎರರ್ ಎಂದರೆ ಮಾತು ತಿಳಿಯಲಿಲ್ಲ, ರಿಕ್ವೆಸ್ಟ್‌ಎರರ್ ಎಂದರೆ ಸರ್ವರ್ ಸಿಗಲಿಲ್ಲ. ಎರಡಕ್ಕೂ "ಮತ್ತೆ ಹೇಳಿ" ಅಂದರೆ ನೆಟ್ ಹೋದ ರಾತ್ರಿ ಅಜ್ಜಿ ಕೂಗುತ್ತಲೇ ಇರಬೇಕು.

ಮನೆಯವರಿಗೆ ತಿಳಿಸದೆ ರೆಕಗ್ನೈಸ್ ಗೂಗಲ್ ಬಳಸಬೇಡಿ. ಅವರ ದನಿ ಹೊರಗಿನ ಸರ್ವರ್‌ಗೆ ಹೋಗುತ್ತದೆ. ಓಪನ್‌ಎಐ 2022ರಲ್ಲಿ ಬಿಡುಗಡೆ ಮಾಡಿದ ವಿಸ್ಪರ್ ನಿಮ್ಮ ಕಂಪ್ಯೂಟರಿನಲ್ಲೇ ಓಡುತ್ತದೆ, ಕನ್ನಡವೂ ಇದೆ. ಆದರೆ ಅದರ ಸಣ್ಣ ಮಾಡೆಲ್‌ಗಳ ಕನ್ನಡವನ್ನು ನೆಚ್ಚಿ ಕೂರಬೇಡಿ.

ನಿಮ್ಮೊಬ್ಬರ ದನಿಗೆ ಓಗೊಟ್ಟಿತೆಂದು ಕೆಲಸ ಮುಗಿಯಿತೆನ್ನಬೇಡಿ. ಮನೆಯವರೆಲ್ಲರಿಂದ ಹೇಳಿಸಿ, ತಪ್ಪಾಗಿ ಕೇಳಿಸಿಕೊಂಡಿದ್ದನ್ನೆಲ್ಲ ಲಾಗ್ ಫೈಲಿಗೆ ಹಾಕಿ, ಪಟ್ಟಿಯನ್ನು ಅದರಿಂದಲೇ ತಿದ್ದಿ.