ಚೌಕದ ಮೇಲೆ ದುಂಡು ಹೇಗೆ ಕೂತೀತು?

ನಮ್ಮ ಇತಿಹಾಸ ವಿಭಾಗದ ಶೈಕ್ಷಣಿಕ ಪ್ರವಾಸದಲ್ಲಿ ಮೈಸೂರಿನ ಸಂತ ಫಿಲೋಮಿನಾ ಚರ್ಚನ್ನು ನೋಡುವ ಸುಯೋಗ ನನಗೆ ಒದಗಿತು. ಅರಮನೆ, ಚಾಮುಂಡಿಬೆಟ್ಟಗಳನ್ನು ಕುರಿತು ಬರೆಯುವವರು ಬಹಳ ಮಂದಿ; ಆದುದರಿಂದ ವರದಿಗೆ ನಾನು ಚರ್ಚನ್ನೇ ಆರಿಸಿಕೊಂಡೆ. ವಿಜಯಪುರದಿಂದ ನಮ್ಮನ್ನು ಕರೆದೊಯ್ದ ಗಾಡಿಯ ಹೆಸರು ಗೋಲ್‌ಗುಂಬಜ್ ಎಕ್ಸ್‌ಪ್ರೆಸ್. ಆ ಹೆಸರೇ ಮುಂದೆ ನನ್ನನ್ನು ಅಣಕಿಸಲಿದೆಯೆಂದು ಆಗ ತಿಳಿದಿರಲಿಲ್ಲ.

ಅಶೋಕ ರಸ್ತೆಯ ಗದ್ದಲ ಹೇಳತೀರದು. ಆಟೋ, ಬಸ್ಸು, ಟಾಂಗಾಗಳ ನಡುವೆ ದಾರಿ ಬಿಡಿಸಿಕೊಂಡು ನಡೆಯುತ್ತಿರುವಾಗ, ತಲೆಯೆತ್ತಿದರೆ ಎರಡು ಗೋಪುರಗಳು. ಒಂದೊಂದೂ 175 ಅಡಿ ಎತ್ತರ. ಈ ಸ್ಥಳದಲ್ಲಿ ಮೊದಲು ಒಂದು ಸಣ್ಣ ಚರ್ಚಿತ್ತು. 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ್ದು. ಭಕ್ತರ ಸಂಖ್ಯೆ ಬೆಳೆದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರು 1933ರ ಅಕ್ಟೋಬರ್ 28ರಂದು ಈಗಿನ ಕಟ್ಟಡಕ್ಕೆ ಅಡಿಗಲ್ಲಿಟ್ಟರು. ನಕ್ಷೆ ಮಾಡಿದವರು ಡೇಲಿ ಎಂಬ ಫ್ರೆಂಚರು. ಮಾದರಿ ಜರ್ಮನಿಯ ಕಲೋನ್ ನಗರದ ಮಹಾಚರ್ಚು. ಕಲೋನಿನ ಆ ಚರ್ಚನ್ನು 1248ರಲ್ಲಿ ಆರಂಭಿಸಿ ಮುಗಿಸಿದ್ದು 1880ರಲ್ಲಿ! ಬ್ರಿಟಿಷರ ಆಳ್ವಿಕೆಯ ಕಾಲದ ಚರ್ಚು ಎಂದೊಡನೆ ಯಾರೋ ದೊರೆಸಾನಿಯ ಹೆಸರಿನ ಫಲಕವನ್ನು ನಿರೀಕ್ಷಿಸಿದ್ದ ನನಗೆ, ಚಾಮುಂಡೇಶ್ವರಿಯ ಭಕ್ತರಾದ ಅರಸರು ಇದಕ್ಕೆ ಕಲ್ಲಿಟ್ಟರೆಂಬ ಸಂಗತಿ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು. ಸಂತಳ ಅವಶೇಷವನ್ನು 1926ರಲ್ಲಿ ತರಿಸಿದವರು ಅರಸರ ಹುಜೂರು ಕಾರ್ಯದರ್ಶಿಗಳಾಗಿದ್ದ ತಂಬುಚೆಟ್ಟಿಯವರು. ಅದು ಈಗ ನೆಲಮಾಳಿಗೆಯಲ್ಲಿದೆ.

ಒಳಗೆ ಕಾಲಿಟ್ಟರೆ ಬೀದಿಯ ಸದ್ದು ಹಿಂದೆಯೇ ಉಳಿಯುತ್ತದೆ. ಎರಡೂ ಕಡೆ ಕಂಬಗಳ ಸಾಲು, ಮೇಲೆ ಚೂಪುಗಮಾನುಗಳು. ಅರ್ಧವೃತ್ತದ ಕಮಾನು ಭಾರವನ್ನು ಬಹಳವಾಗಿ ಪಕ್ಕಕ್ಕೆ ಒದೆಯುತ್ತದೆ. ಚೂಪುಗಮಾನಾದರೆ ಹೆಚ್ಚಿನ ಪಾಲನ್ನು ಕೆಳಕ್ಕೇ ಇಳಿಸುತ್ತದೆ. ಭಾರ ಕಂಬಗಳಿಗೆ ಹೋದ ಮೇಲೆ ಗೋಡೆಗೆ ಬಿಡುವು ಸಿಕ್ಕಿತು. ಅಲ್ಲಿ ಬಣ್ಣದ ಗಾಜನ್ನು ಕೂಡಿಸಬಹುದು. ಕ್ರಿಸ್ತನ ಜನನ, ಕೊನೆಯ ಭೋಜನ, ಶಿಲುಬೆ ಇವೆಲ್ಲ ಆ ಗಾಜುಗಳ ಮೇಲೆ ಬಿಸಿಲಿನಲ್ಲಿ ಹೊಳೆಯುತ್ತಿದ್ದವು. ಇಷ್ಟನ್ನೂ ಪುಸ್ತಕದಲ್ಲಿ ಓದಿಕೊಂಡು ಹೋಗಿದ್ದ ನಾನು ಸಹಪಾಠಿಗಳಿಗೆ ಸ್ವಲ್ಪ ಜೋರಾಗಿಯೇ ವಿವರಿಸುತ್ತಿದ್ದೆನೆಂದು ಕಾಣುತ್ತದೆ. ಬೆಂಚಿನ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಹತ್ತಿರ ಬಂದರು.

"ಯಾವೂರಿನಿಂದ ಬಂದಿದ್ದೀರಪ್ಪ?"

"ವಿಜಯಪುರದವರು ರೀ."

"ಓ, ಗೋಲಗುಮ್ಮಟದ ಊರು! ಅಲ್ಲಿ ಒಳಗೆ ಒಂದು ಕಂಬವೂ ಇಲ್ಲವಂತೆ, ನಿಜವೇ? ಹಾಗಾದರೆ ಅಷ್ಟು ದೊಡ್ಡ ಗುಮ್ಮಟ ಯಾವುದರ ಮೇಲೆ ನಿಂತಿದೆ?"

ನಾನು ಬಾಯಿ ತೆರೆಯುವ ಮೊದಲೇ ತಿಕೋಟಾದ ಗೆಳೆಯ, "ಗ್ವಾಡಿ ಮ್ಯಾಲ ನಿಂತೈತ್ರಿ" ಎಂದುಬಿಟ್ಟ.

ಹಿರಿಯರು ನಕ್ಕರು. "ಗೋಡೆ ಚೌಕ, ಗುಮ್ಮಟ ದುಂಡಗೆ. ಚೌಕದ ಮೇಲೆ ದುಂಡು ಹೇಗೆ ಕೂತೀತು? ಮೂಲೆಗಳಲ್ಲಿ ಏನಿದೆ?"

ನಮ್ಮಲ್ಲಿ ಯಾರಿಗೂ ಉತ್ತರ ಬರಲಿಲ್ಲ. ಬಬಲೇಶ್ವರದಿಂದ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಬರುವ ನಾನು ಆ ಗುಮ್ಮಟವನ್ನು ಎಷ್ಟು ಸಾವಿರ ಸಲ ಕಂಡಿರುವೆನೋ! ಕಲೋನಿನ ಚರ್ಚು ಮುಗಿದ ವರ್ಷ ನನಗೆ ಬಾಯಿಪಾಠವಿತ್ತು. ಮನೆಯ ಗುಮ್ಮಟದ ಮೂಲೆಯಲ್ಲಿ ಏನಿದೆಯೆಂದು ತಿಳಿದಿರಲಿಲ್ಲ. ಆ ರಾತ್ರಿ ಊಟ ರುಚಿಸಲಿಲ್ಲವೆಂದರೆ ಅತಿಶಯೋಕ್ತಿಯಲ್ಲ.

ಮರಳಿ ಬಂದ ಮೇಲೆ ಅಧ್ಯಾಪಕರ ಮುಂದೆ ವಿಷಯವಿಟ್ಟೆವು. ಅವರು ನಮ್ಮ ಎರಡು ಕರವಸ್ತ್ರಗಳನ್ನು ಕೇಳಿ ಪಡೆದು ಮೇಜಿನ ಮೇಲೆ ಹರಡಿದರು. ಒಂದರ ಮೇಲೆ ಇನ್ನೊಂದನ್ನು ಓರೆಯಾಗಿ ತಿರುಗಿಸಿ ಇಟ್ಟರು. ಎಂಟು ಮೂಲೆಯ ನಕ್ಷತ್ರವಾಯಿತು. ಎರಡೂ ಕೂಡಿದ ನಡುಭಾಗ ಅಷ್ಟಕೋನ. "ಅಷ್ಟಕೋನದಿಂದ ವೃತ್ತಕ್ಕೆ ಎಷ್ಟು ದೂರ? ಹೋಗಿ ನೋಡಿರಿ" ಎಂದರು.

ಹೋದೆವು. ಇಷ್ಟು ದಿನ ಗುಮ್ಮಟಕ್ಕೆ ಹೋದವರೆಲ್ಲ ಮೂಲೆಯ ಮಿನಾರಿನ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಏರಿ, ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಾಡಿ ಇಳಿದವರು. ಅಂದು ಮಾತ್ರ ಕೆಳಗೇ ನಿಂತು ಕತ್ತು ನೋಯುವವರೆಗೆ ಮೇಲೆ ನೋಡಿದೆವು. ಒಳಗಿನ ಚೌಕದ ಒಂದೊಂದು ಮಗ್ಗುಲೂ ಸುಮಾರು 135 ಅಡಿ. ಅದರ ಸುತ್ತ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸುತ್ತ ಮೇಲೇಳುತ್ತವೆ. ಅವೇ ಆ ಎರಡು ಕರವಸ್ತ್ರಗಳು! ಕಮಾನುಗಳ ನಡುವಿನ ಕಟ್ಟಡ ಸ್ವಲ್ಪಸ್ವಲ್ಪವೇ ಒಳಕ್ಕೆ ಬಾಗುತ್ತ ಚೌಕವನ್ನು ದುಂಡಗೆ ಮಾಡಿಬಿಡುತ್ತದೆ. ಅದರ ಮೇಲೆ ಕುಳಿತ ಗುಮ್ಮಟದ ಒಳವ್ಯಾಸ ಸುಮಾರು 124 ಅಡಿ, ಹೊರವ್ಯಾಸ 144.

ಇನ್ನೊಂದು ಮಾತು. ಗುಮ್ಮಟದ ಭಾರ ಬುಡವನ್ನು ಹೊರಕ್ಕೆ ಒದೆಯುತ್ತದೆ; ಒಳಕ್ಕೆ ಚಾಚಿಕೊಂಡ ಈ ಕಟ್ಟಡದ ರಾಶಿ ತನ್ನ ತೂಕದಿಂದ ಅದನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ಈ ಚಾಚಿನ ಮೇಲ್ಭಾಗವೇ ನಾವು ಕೂಗಾಡುವ ಗ್ಯಾಲರಿ. ಲಂಡನ್ನಿನ ಸೇಂಟ್ ಪಾಲ್ಸ್ ಮಹಾಚರ್ಚಿನಲ್ಲಿಯೂ ಇಂಥ ಪಿಸುಗುಟ್ಟುವ ಗ್ಯಾಲರಿಯಿದೆ. ಅದರ ಕೆಲಸ ಆರಂಭವಾದದ್ದು 1675ರಲ್ಲಿ. ನಮ್ಮ ಮುಹಮ್ಮದ್ ಆದಿಲ್ ಶಾಹ 1656ರಲ್ಲಿಯೇ ತನ್ನ ಗುಮ್ಮಟದ ಕೆಳಗೆ ಮಲಗಿಯಾಗಿತ್ತು. ಮಲಗಿದ್ದೂ ನಮಗೆ ಕಾಣುವ ಗೋರಿಯಲ್ಲಲ್ಲ. ನಿಜವಾದ ಸಮಾಧಿ, ಮೈಸೂರಿನ ಆ ಅವಶೇಷದಂತೆಯೇ, ಕೆಳಗೆ ನೆಲಮಾಳಿಗೆಯಲ್ಲಿದೆ.

ಆ ಹಿರಿಯರ ಹೆಸರನ್ನು ನಾವು ಕೇಳಿಕೊಂಡಿರಲಿಲ್ಲ. ಆದರೂ ಚರ್ಚಿನ ವಿಳಾಸಕ್ಕೆ, ಬೆಂಚಿನ ಮೇಲೆ ಕುಳಿತಿದ್ದ ಹಿರಿಯರಿಗೆ ಎಂದು ಒಂದು ಕಾರ್ಡು ಬರೆದೆವು. ನಾನು ಎರಡು ಚೌಕಗಳ ನಕ್ಷತ್ರವನ್ನೂ ಅದರೊಳಗೊಂದು ವೃತ್ತವನ್ನೂ ಬರೆದೆ. ಕೆಳಗೆ ಉಳಿದ ಜಾಗದಲ್ಲಿ ತಿಕೋಟಾದ ಗೆಳೆಯ ತನ್ನ ಕೈಯಾರೆ ಸೇರಿಸಿದ: "ಬರೇ ಗ್ವಾಡಿ ಮ್ಯಾಲ ಅಲ್ರಿ, ಕಮಾನಿನ ಮ್ಯಾಲ."