ಮಣ್ಣಿನ ಮನೆಯನ್ನು ಕೆಡವುವ ಮುನ್ನ



ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಕಾರ್ಮಿಕರ ವಸತಿಗಳನ್ನು ಕಾರ್ಖಾನೆಯೇ ಕಟ್ಟಿಸಿತು. ಅವುಗಳ ನಕ್ಷೆ ವಾಸಿಸುವವರ ಕೈಯಲ್ಲಿರಲಿಲ್ಲ. ಶಿವಮೊಗ್ಗದ ಸುತ್ತಲಿನ ಹಳ್ಳಿಮನೆ ಹಾಗಲ್ಲ. ಮಣ್ಣು ಅಥವಾ ಜಂಬಿಟ್ಟಿಗೆಯ ಗೋಡೆ, ಹೆಂಚಿನ ಮಾಡು, ಜಗಲಿ ಇವೆಲ್ಲವನ್ನೂ ಮನೆಯವರು ಊರಿನ ಗಾರೆಯವರೊಡನೆ ಕೂಡಿ ನಿರ್ಧರಿಸುತ್ತಿದ್ದರು. ದುರಸ್ತಿಯ ಕ್ರಮ ಮರೆತರೆ ಈ ಹಿಡಿತ ಕೈತಪ್ಪುತ್ತದೆ. ಆದುದರಿಂದ ಕೆಳಗಿನ ಅಂಶಗಳನ್ನು ಗಮನಿಸಿರಿ.

1. ಮಣ್ಣಿನ ಗೋಡೆಗೆ ನೀರೇ ಶತ್ರು. ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚು ಬದಲಾಯಿಸಿರಿ. ಸೂರು ಗೋಡೆಯಿಂದ ಎರಡು-ಮೂರು ಅಡಿ ಮುಂದೆ ಚಾಚಿರಲಿ.

2. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಬೇಡ. ಒಳಗಿನ ತೇವ ಹೊರಹೋಗದೆ ಗೋಡೆ ಶಿಥಿಲವಾಗುತ್ತದೆ. ಸುಣ್ಣದ ಗಾರೆ ಅಥವಾ ಮಣ್ಣಿನ ಗಿಲಾವು ಉತ್ತಮ.

3. ಹೊಸ ಗೋಡೆ ಬೇಕಾದರೆ, ಮರಳು ಮಿಶ್ರಿತ ಕೆಂಪು ಮಣ್ಣಿಗೆ ಶೇಕಡ 6ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿದ ಇಟ್ಟಿಗೆ ಬಳಸಬಹುದು. ಇದಕ್ಕೆ ಸುಡುವ ಸೌದೆ ಬೇಡ. ಮೂರು ವಾರ ನೀರುಣಿಸಿದರೆ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಈ ವಿಧಾನವನ್ನು ಬೆಳೆಸಿತು.

1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಹಳ್ಳಿಯಲ್ಲಿ ಕಟ್ಟಡಕ್ಕೆ ಗ್ರಾಮ ಪಂಚಾಯಿತಿಯ ಅನುಮತಿ ಬೇಕು. ಬೀದಿಯ ನೀರು ನಿಮ್ಮ ತಳಪಾಯಕ್ಕೆ ನುಗ್ಗುತ್ತಿದ್ದರೆ ಚರಂಡಿಯ ವಿಷಯವನ್ನು ಗ್ರಾಮಸಭೆಯಲ್ಲಿ ಎತ್ತಿರಿ. ಮನೆಯ ಆಯುಷ್ಯ ಊರಿನ ಒಗ್ಗಟ್ಟಿನಲ್ಲಿಯೂ ಇದೆ.