ವಿರಳ ಭೂ ಧಾತುಗಳನ್ನು ಸಸ್ಯಗಳು ಹೀರುವ ಬಗೆ: ನಮ್ಮ ಭಾಗದ ಉದ್ಯಮಿಗಳಿಗೊಂದು ಲೆಕ್ಕಾಚಾರ

2025ರ ಏಪ್ರಿಲ್‌ನಲ್ಲಿ ಚೀನಾ ದೇಶವು ಏಳು ವಿರಳ ಭೂ ಧಾತುಗಳು ಹಾಗೂ ಅವುಗಳಿಂದ ತಯಾರಾಗುವ ಆಯಸ್ಕಾಂತಗಳ ರಫ್ತಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿದ ನಂತರ, 'ರೇರ್ ಅರ್ಥ್' ಎಂಬ ಶಬ್ದವು ನಮ್ಮ ಸಿಂಧನೂರಿನ ಗಂಜ್‌ನಲ್ಲಿಯೂ ಕೇಳಿಬರತೊಡಗಿತು. ಇದೇ ಸಂದರ್ಭದಲ್ಲಿ ನನ್ನ ಕಕ್ಷಿದಾರರಾದ ಅಕ್ಕಿ ಗಿರಣಿ ಮಾಲೀಕರೊಬ್ಬರು ಒಂದು ಯೋಜನಾ ವರದಿಯನ್ನು ಹಿಡಿದು ಕಚೇರಿಗೆ ಬಂದರು. ಸವಳು ಬಿದ್ದ ಜಮೀನಿನಲ್ಲಿ ಒಂದು ಜಾತಿಯ ಜರಿಗಿಡವನ್ನು ಬೆಳೆದು, ಅದರ ಎಲೆಗಳನ್ನು ಸುಟ್ಟು, ಬೂದಿಯಿಂದ ಈ ಧಾತುಗಳನ್ನು ತೆಗೆಯುವ ಯೋಜನೆ ಅದು. "ಸಾಹೇಬ್ರ, ಇದಕ್ಕ ಬ್ಯಾಂಕಿನವರು ಸಾಲ ಕೊಡ್ತಾರೇನ್ರಿ?" ಎಂಬುದು ಅವರ ಪ್ರಶ್ನೆ. ಸಾಲದ ಮಾತಿಗಿಂತ ಮೊದಲು ಗಿಡವು ಧಾತುವನ್ನು ಕೊಡುತ್ತದೆಯೇ ಎಂಬುದನ್ನು ನೋಡಬೇಕೆಂದು ಹೇಳಿ, ಒಂದು ವಾರದ ಕಾಲಾವಕಾಶ ಕೇಳಿದೆ. ಆ ಓದಿನ ಫಲವೇ ಪ್ರಸ್ತುತ ಲೇಖನ.

ವಿರಳ ಭೂ ಧಾತುಗಳು ಒಟ್ಟು 17. ಲ್ಯಾಂಥನಂನಿಂದ ಲುಟೀಷಿಯಂವರೆಗಿನ 15, ಅವುಗಳೊಡನೆ ಸ್ಕ್ಯಾಂಡಿಯಂ ಮತ್ತು ಇಟ್ರಿಯಂ. 'ವಿರಳ' ಎಂಬ ವಿಶೇಷಣ ಅಷ್ಟೇನೂ ಸರಿಯಲ್ಲ. ಭೂಮಿಯ ಹೊರಪದರದಲ್ಲಿ ಸೀರಿಯಂ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಆದರೆ ಅದು ಒಂದೆಡೆ ರಾಶಿಯಾಗಿ ದೊರೆಯದೆ ಎಲ್ಲೆಡೆ ಚದುರಿಹೋಗಿದೆ. ಆದುದರಿಂದ ನಮ್ಮ ಎರೆಮಣ್ಣಿನಲ್ಲಿಯೂ ಇವು ಅಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತವೆ. ನಾವು ಹಾಕುವ ಡಿಎಪಿ ಗೊಬ್ಬರದ ಮೂಲವಾದ ಶಿಲಾರಂಜಕದೊಂದಿಗೂ ಒಂದಿಷ್ಟು ಬಂದು ಸೇರುತ್ತವೆ.

ಆದರೆ ಮಣ್ಣಿನಲ್ಲಿ ಇರುವುದು ಬೇರೆ, ಬೇರಿಗೆ ದೊರೆಯುವುದು ಬೇರೆ. ಅಢಾವೆ ಪತ್ರಿಕೆಯಲ್ಲಿ ತೋರಿಸಿದ ಬಾಕಿಯೆಲ್ಲವೂ ವಸೂಲಾಗುವ ಬಾಕಿಯಲ್ಲ ಎಂಬುದನ್ನು ವ್ಯಾಪಾರಸ್ಥರಿಗೆ ನಾನು ಹೇಳಬೇಕಾಗಿಲ್ಲ. ಬೇರು ನೀರಿನಲ್ಲಿ ಕರಗಿದ್ದನ್ನು ಮಾತ್ರ ಹೀರಬಲ್ಲದು. ಆಮ್ಲೀಯ ಮಣ್ಣಿನಲ್ಲಿ ಈ ಧಾತುಗಳು ಕರಗಿ ಬಿಡುಗಡೆಯಾಗುತ್ತವೆ. ಕ್ಷಾರೀಯ ಮಣ್ಣಿನಲ್ಲಿ ರಂಜಕ ಹಾಗೂ ಸುಣ್ಣದಂಶದ ಜೊತೆಗೂಡಿ ಗಟ್ಟಿಯಾಗಿ ಕುಳಿತುಬಿಡುತ್ತವೆ. ಕೆಲವು ಸಸ್ಯಗಳ ಬೇರುಗಳು ಸಿಟ್ರಿಕ್, ಮ್ಯಾಲಿಕ್ ಮುಂತಾದ ಆಮ್ಲಗಳನ್ನು ಸ್ರವಿಸಿ ಸ್ವಲ್ಪಮಟ್ಟಿಗೆ ಕರಗಿಸಿಕೊಳ್ಳುತ್ತವೆ. ಕರಗಿದ ಧಾತುವಿನ ಅಯಾನು ಗಾತ್ರದಲ್ಲಿ ಕ್ಯಾಲ್ಸಿಯಂ ಅಯಾನಿಗೆ ಸಮೀಪವಾಗಿರುವುದರಿಂದ, ಕ್ಯಾಲ್ಸಿಯಂಗಾಗಿ ಇರುವ ದಾರಿಯಲ್ಲಿಯೇ ಬೇರಿನೊಳಗೆ ನುಸುಳುತ್ತದೆ. ಸಾಮಾನ್ಯ ಬೆಳೆಗಳಲ್ಲಿ ಅದರ ಪ್ರಯಾಣ ಬಹುಪಾಲು ಅಲ್ಲಿಗೇ ಮುಗಿಯಿತು. ಬೇರಿನಲ್ಲಿ ಹೆಚ್ಚು, ಎಲೆಯಲ್ಲಿ ಕಡಿಮೆ, ಕಾಳಿನಲ್ಲಿ ಅತ್ಯಲ್ಪ.

ಈ ನಿಯಮವನ್ನು ಮೀರುವ ಸಸ್ಯಗಳು ಬೆರಳೆಣಿಕೆಯಷ್ಟು. ಅಮೆರಿಕದ ಹಿಕರಿ ಮರದ ಎಲೆಗಳಲ್ಲಿ ಈ ಧಾತುಗಳು ಸಂಗ್ರಹವಾಗುವುದು 1938ರಲ್ಲಿಯೇ ವರದಿಯಾಗಿತ್ತು. ಇಂದು ಹೆಚ್ಚು ಚರ್ಚೆಯಲ್ಲಿರುವುದು ಡೈಕ್ರನಾಪ್ಟೆರಿಸ್ ಲಿನಿಯಾರಿಸ್ ಎಂಬ ಜರಿಗಿಡ. ನನ್ನ ಕಕ್ಷಿದಾರರ ವರದಿಯಲ್ಲಿದ್ದುದೂ ಇದೇ. ದಕ್ಷಿಣ ಚೀನಾದ ಜಿಯಾಂಗ್ಸಿ ಪ್ರಾಂತ್ಯದ ಹಳೆಯ ಗಣಿಗಳ ಕೆಂಪು ಆಮ್ಲೀಯ ಜೇಡಿಯಲ್ಲಿ ಬೆಳೆದಾಗ, ಇದರ ಒಣ ಎಲೆಯ ತೂಕದಲ್ಲಿ ಶೇ. 0.2ರಿಂದ 0.3ರಷ್ಟು ವಿರಳ ಭೂ ಧಾತುಗಳು ದೊರೆತಿವೆ. ಬ್ಲೆಕ್ನಂ ಓರಿಯೆಂಟೇಲ್ ಎಂಬ ಇನ್ನೊಂದು ಜರಿಗಿಡದ ಎಲೆಯೊಳಗೆ ಮೊನಜೈಟ್ ಖನಿಜದ ಸೂಕ್ಷ್ಮ ಕಣಗಳೇ ರೂಪುಗೊಳ್ಳುತ್ತವೆ ಎಂದು 2025ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಕೇರಳದ ಕಡಲತೀರದ ಮರಳಿನಲ್ಲಿರುವ ಅದೇ ಮೊನಜೈಟ್.

ಡೈಕ್ರನಾಪ್ಟೆರಿಸ್ ನಮ್ಮ ಮಲೆನಾಡಿನಲ್ಲಿಯೂ ರಸ್ತೆಯ ಪಕ್ಕದ ದಿಬ್ಬಗಳಲ್ಲಿ ಹೇರಳವಾಗಿ ಬೆಳೆಯುತ್ತದೆ. ಅದಕ್ಕೆ ಬೇಕಾದುದು ಮಳೆ, ತೇವ ಮತ್ತು ಹುಳಿ ಮಣ್ಣು. ನಮ್ಮಲ್ಲಿರುವುದು ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಕ್ಷಾರೀಯ ಎರೆಭೂಮಿ. ಸವಳಾದ ಹೊಲಗಳಲ್ಲಂತೂ ರಸಸಾರ 8.5ನ್ನೂ ದಾಟುತ್ತದೆ. ಅಲ್ಲಿ ಆ ಗಿಡ ಬದುಕುವುದೇ ಕಷ್ಟ. ಬದುಕಿದರೂ ಹೀರಲು ಕರಗಿದ ಧಾತು ಇರುವುದಿಲ್ಲ.

ಇನ್ನು ಲೆಕ್ಕ. ಚೀನಾದ ಅತ್ಯುತ್ತಮ ನೆಲದ ಪ್ರಮಾಣವನ್ನೇ ಒಪ್ಪಿಕೊಂಡರೂ, ಒಂದು ಟನ್ ಒಣ ಎಲೆಗೆ ಸಿಗುವುದು 2ರಿಂದ 3 ಕಿಲೋ. ಅದರಲ್ಲಿ ದೊಡ್ಡ ಪಾಲು ಲ್ಯಾಂಥನಂನಂತಹ ಹಗುರ ಧಾತುಗಳದ್ದು. ಅವುಗಳ ಬೆಲೆ ತೀರಾ ಕಡಿಮೆ. ಚೀನಾ ನಿಯಂತ್ರಣಕ್ಕೊಳಪಡಿಸಿದ ಡಿಸ್ಪ್ರೋಸಿಯಂ, ಟರ್ಬಿಯಂ ಮುಂತಾದ ದುಬಾರಿ ಧಾತುಗಳನ್ನು ಈ ಗಿಡ ಎಲೆಗೆ ಕಳಿಸುವುದು ಕಡಿಮೆ. ಇದರ ಮೇಲೆ ಕಟಾವು, ಸಾಗಾಣಿಕೆ, ಆಮ್ಲದ ಸಂಸ್ಕರಣೆ ಮತ್ತು ಧಾತುಗಳನ್ನು ಒಂದರಿಂದ ಒಂದು ಬೇರ್ಪಡಿಸುವ ವೆಚ್ಚ. ವರದಿಯಲ್ಲಿ 17 ಧಾತುಗಳಿಗೂ ಒಂದೇ ದರ ಹಿಡಿದು ಗುಣಿಸಲಾಗಿತ್ತು! ಅಕ್ಕಿ, ನುಚ್ಚು, ತೌಡು, ಹೊಟ್ಟಿಗೆ ಒಂದೇ ದರ ಕಟ್ಟುವ ಗಿರಣಿಯನ್ನು ನಾನಂತೂ ಕಂಡಿಲ್ಲ.

ಹಾಗೆಂದು ನಮ್ಮ ಗಿಡಗಳೇನೂ ಸಂಗ್ರಹಿಸುವುದಿಲ್ಲವೆಂದಲ್ಲ. ಭತ್ತವು ಸಿಲಿಕಾದ ಭಾರಿ ಸಂಗ್ರಾಹಕ. ಅದರ ಬೇರಿನಲ್ಲಿ ಸಿಲಿಕಾನ್‌ಗೆಂದೇ ದ್ವಾರವಿರುವುದನ್ನು 2006ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದರು. 75 ಕಿಲೋ ಭತ್ತದ ಚೀಲವೊಂದರಿಂದ ಸುಮಾರು 15 ಕಿಲೋ ಹೊಟ್ಟು, ಅದನ್ನು ಸುಟ್ಟರೆ ಸುಮಾರು 3 ಕಿಲೋ ಬೂದಿ. ಚೆನ್ನಾಗಿ ಸುಟ್ಟ ಬೂದಿಯಲ್ಲಿ ಸಾಮಾನ್ಯವಾಗಿ ಶೇ. 85ಕ್ಕೂ ಮಿಕ್ಕಿ ಸಿಲಿಕಾ ಇರುತ್ತದೆ. ಶೇ. 0.3 ಎಲ್ಲಿ, ಶೇ. 85 ಎಲ್ಲಿ? ಸುಮಾರು 600ರಿಂದ 700 ಡಿಗ್ರಿ ಸೆಲ್ಷಿಯಸ್ ಶಾಖದಲ್ಲಿ ಹತೋಟಿಯಿಂದ ಸುಟ್ಟ ಬೂದಿಗೆ ಕಾಂಕ್ರೀಟ್ ಹಾಗೂ ಟೈರು ಉದ್ಯಮಗಳಲ್ಲಿ ಬಳಕೆಯಿದೆ. ಶಾಖ ಅತಿಯಾದರೆ ಸಿಲಿಕಾ ಹರಳುಗಟ್ಟಿ ಬೆಲೆ ಕುಸಿಯುತ್ತದೆ, ಅದರ ಧೂಳು ಕಾರ್ಮಿಕರ ಶ್ವಾಸಕೋಶಕ್ಕೂ ಕೇಡು. ನಮ್ಮ ಅನೇಕ ಗಿರಣಿಗಳು ಬಾಯ್ಲರಿನ ಬೂದಿಯನ್ನು ತೂಕವನ್ನೂ ನೋಡದೆ ಸಾಗಿಸುತ್ತಿರುವುದು ನನಗೆ ಲೆಕ್ಕಪುಸ್ತಕಗಳಲ್ಲಿಯೇ ಕಾಣುತ್ತದೆ.

ಒಂದು ಎಚ್ಚರಿಕೆ. ಅದೇ ಸಿಲಿಕಾನ್ ದ್ವಾರದಿಂದ ಆರ್ಸೆನಿಕ್ ಸಹ ಭತ್ತದೊಳಗೆ ಬರಬಲ್ಲದು ಎಂಬುದು 2008ರಲ್ಲಿ ತಿಳಿದುಬಂದಿತು. ಗದ್ದೆಯಲ್ಲಿ ನೀರು ಸದಾ ನಿಂತಿದ್ದರೆ ಮಣ್ಣಿನಲ್ಲಿರುವ ಆರ್ಸೆನಿಕ್ ಕರಗುವುದು ಹೆಚ್ಚು. ಐರೋಪ್ಯ ಒಕ್ಕೂಟವು 2023ರಲ್ಲಿ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅಜೈವಿಕ ಆರ್ಸೆನಿಕ್‌ನ ಮಿತಿಯನ್ನು ಕಿಲೋಗೆ 0.15 ಮಿಲಿಗ್ರಾಂಗೆ ಇಳಿಸಿದೆ, ಕುಸುಬಲಕ್ಕಿಗೆ 0.25. ರಫ್ತಿಗೆ ಕೈಹಾಕುವ ಸದಸ್ಯರು ಸರಕು ತುಂಬುವ ಮುನ್ನ ಪರೀಕ್ಷಾ ವರದಿಯನ್ನು ಪಡೆಯುವುದು ಲೇಸು.

ಗಿರಣಿ ಮಾಲೀಕರಿಗೆ ಯೋಜನಾ ವರದಿಯನ್ನು ಹಿಂದಿರುಗಿಸಿದೆ. ಮುಂಗಡ ಕೊಟ್ಟಿರಲಿಲ್ಲವೆಂಬುದೇ ಸಮಾಧಾನ. ತಮ್ಮ ಬಾಯ್ಲರಿನ ಬೂದಿಯ ಎರಡು ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿದ್ದಾರೆ. ಫಲಿತಾಂಶ ಇನ್ನೂ ಬರಬೇಕಿದೆ.